ಪದವಿಗಳು ಹೇಳದ ಹಿನ್ನೆಲೆ

ಅಮೆರಿಕದ ಬಿಸಿನೆಸ್ ಸ್ಕೂಲುಗಳ ಹಣಕಾಸು ಮತ್ತು ಮಾಹಿತಿ ವ್ಯವಸ್ಥೆ ವಿಭಾಗಗಳಲ್ಲಿ ಭಾರತೀಯ ಹೆಸರುಗಳಿಗೆ ಕೊರತೆಯಿಲ್ಲ. ಅವರಲ್ಲಿ ಅನೇಕರ ಪರಿಚಯ ಒಂದೇ ಜಾಡಿನದು: ಐಐಟಿಯ ಬಿ.ಟೆಕ್., ಕೆಲವೊಮ್ಮೆ ನಡುವೆ ಐಐಎಂ, ಬಳಿಕ ಅಮೆರಿಕದ ಪಿಎಚ್.ಡಿ. ವಿಶ್ವವಿದ್ಯಾಲಯ ಇದನ್ನು ವೈವಿಧ್ಯದ ಲೆಕ್ಕಕ್ಕೆ ಹಾಕಿಕೊಳ್ಳುತ್ತದೆ. ಪಾಸ್‌ಪೋರ್ಟುಗಳನ್ನಷ್ಟೇ ಎಣಿಸಿದರೆ ಅದು ತಪ್ಪಲ್ಲ.

ಪದವಿಗಳ ಪಟ್ಟಿ ಮುಚ್ಚಿಡುವುದು ಬೇರೆಯೇ ಇದೆ. ಐಐಟಿ ಪ್ರವೇಶದಲ್ಲಿ ಪರಿಶಿಷ್ಟ ಜಾತಿ, ಪಂಗಡಗಳಿಗೆ ಮೀಸಲಾತಿ ಬಂದದ್ದು 1973ರಲ್ಲಿ. ಇತರ ಹಿಂದುಳಿದ ವರ್ಗಗಳಿಗೆ ಅದು ದೊರೆತದ್ದು 2008ರಲ್ಲಿ, ಸುಪ್ರೀಂ ಕೋರ್ಟ್ ಒಪ್ಪಿದ ಮೇಲೆ. ಇಂದಿನ ಹಿರಿಯ ಪ್ರಾಧ್ಯಾಪಕರು ಅದಕ್ಕೂ ಮೊದಲೇ ವಿಮಾನ ಹತ್ತಿದವರು. ಆ ಕಾಲದ ಸ್ಪರ್ಧೆಯನ್ನು ಹಲವರು ಶುದ್ಧ ಪ್ರತಿಭೆಯ ಪರೀಕ್ಷೆಯೆಂದೇ ನೆನೆಯುತ್ತಾರೆ. ಇಂಗ್ಲಿಷ್ ಮಾಧ್ಯಮದ ಶಾಲೆ, ಕೋಚಿಂಗ್, ಓದಿದ ತಂದೆತಾಯಿ ಆ ನೆನಪಿನೊಳಗೆ ಬರುವುದಿಲ್ಲ.

2022ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ತನ್ನ ತಾರತಮ್ಯ ವಿರೋಧಿ ನೀತಿಗೆ ಜಾತಿಯನ್ನೂ ಸೇರಿಸಿದಾಗ, ಅಲ್ಲಿನ ಭಾರತೀಯ ಮೂಲದ ಹಲವು ಅಧ್ಯಾಪಕರು ವಿರೋಧಿಸಿ ಸಹಿ ಹಾಕಿದರು. ನೀತಿ ತಮ್ಮ ಸಮುದಾಯವನ್ನೇ ಗುರಿಯಾಗಿಸುತ್ತದೆಂಬುದು ಅವರ ದೂರು. ರಕ್ಷಣೆ ಕೇಳಿದ ದಲಿತ ವಿದ್ಯಾರ್ಥಿಗಳು ಮತ್ತಾವ ಸಮುದಾಯದವರು?

ಜಾತಿ ಕೇಳುವುದು ಅಸಭ್ಯವೆನ್ನುವವರೇ ಸಂದರ್ಶನಕ್ಕೆ ಬಂದ ಅಭ್ಯರ್ಥಿಯೊಡನೆ ಕಾಫಿ ಕುಡಿಯುತ್ತ, ‘ಜೆಇಇ ರ‍್ಯಾಂಕ್ ಎಷ್ಟಿತ್ತು?’ ಎಂದು ಸಲೀಸಾಗಿ ವಿಚಾರಿಸಬಲ್ಲರು. ರ‍್ಯಾಂಕ್ ತಿಳಿದರೆ ಸೀಟು ಯಾವ ಪಟ್ಟಿಯಲ್ಲಿ ಸಿಕ್ಕಿತೆಂಬುದೂ ತಿಳಿಯುತ್ತದೆ.