ಮದ್ದು ದೊರೆಯದ ದಿನಗಳು

ಮದ್ದು ಅಂಗಡಿಯಲ್ಲಿರುವವರೆಗೆ ಅದರ ಬೆಲೆಗಾಗಿ ಗೊಣಗುತ್ತೇವೆ; ಇಲ್ಲವೆಂದಾಗ ಎದೆಯು ಝಲ್ಲೆನ್ನುವುದು. 2020ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಸುರಪುರದ ನಮ್ಮ ಮನೆಗೆ ಈ ಅನುಭವವಾಯಿತು.

ನಮ್ಮ ವೈನಿಯವರಿಗೆ ಬಹುಕಾಲದಿಂದ ಕೀಲುವಾತ. ವೈದ್ಯರು ಕೊಡುತ್ತಿದ್ದುದು ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ, ಮಲೇರಿಯಾಕ್ಕೂ ಸಲ್ಲುವ ಮಾತ್ರೆ. ಅದು ಕೊರೋನಾವನ್ನೂ ತಡೆಯುವುದೆಂಬ ಸುದ್ದಿ ಹಬ್ಬಿದ್ದೇ ತಡ, ರೋಗವಿಲ್ಲದವರೂ ಕೊಂಡು ಕೂಡಿಟ್ಟರು. ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರವು ಮಾರ್ಚ್ 26ರಂದು ವಿಧಿಸುವಷ್ಟರಲ್ಲಿ ನಮ್ಮೂರ ಅಂಗಡಿಗಳು ಬರಿದಾಗಿದ್ದವು. ಶಹಾಪುರಕ್ಕೋ ಯಾದಗಿರಿಗೋ ಹೋಗೋಣವೆಂದರೆ ಲಾಕ್‌ಡೌನ್. ಆಸ್ಪತ್ರೆ ಸೇರಿದ ಕೊರೋನಾ ರೋಗಿಗಳಿಗೆ ಅದರಿಂದ ಗುಣವಿಲ್ಲವೆಂದು ಬ್ರಿಟನ್ನಿನ ದೊಡ್ಡ ಪರೀಕ್ಷೆಯೊಂದು ಜೂನ್ ತಿಂಗಳಲ್ಲಿ ತೋರಿಸಿತು. ಕೂಡಿಟ್ಟವರ ಡಬ್ಬಿಗಳು ಏನಾದುವೋ!

ವೈನಿಯವರು ನಮಗೂ ತಿಳಿಸದೆ ಉಳಿದ ಮಾತ್ರೆಗಳನ್ನು ಅರ್ಧರ್ಧ ನುಂಗುತ್ತಿದ್ದರು. ಕೆಲವು ವಾರಗಳ ಮೇಲೆ, ರೊಟ್ಟಿ ತಟ್ಟಲು ಕೈ ಬಾರದಾದಾಗ ಸಂಗತಿ ಹೊರಬಿದ್ದಿತು. ದೂರವಾಣಿಯಲ್ಲಿ ವೈದ್ಯರು ಗದರಿಸಿದರು: ಈ ಮದ್ದಿನ ಅಂಶವು ಮೈಯಲ್ಲಿ ವಾರಗಟ್ಟಲೆ ಇರುವುದರಿಂದ ಬದುಕಿದಿರಿ, ಮೂರ್ಛೆರೋಗದ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಹೀಗೆ ತಾವಾಗಿ ಕಡಿಮೆ ಮಾಡಿದರೆ ಪ್ರಾಣಕ್ಕೇ ಅಪಾಯ.

ವಾಚಕ ಭಗಿನಿಯರು ಚೀಟಿಯಲ್ಲಿ ಮದ್ದಿನ ಮೂಲ ಹೆಸರನ್ನೂ ಬರೆಯಿಸಿಕೊಳ್ಳಲಿ. ಒಂದು ಕಂಪನಿಯದು ಇಲ್ಲದಿದ್ದರೆ ವೈದ್ಯರನ್ನು ಕೇಳಿ ಇನ್ನೊಂದರದನ್ನು ತರಬಹುದು. ಜನೌಷಧಿ ಕೇಂದ್ರದಲ್ಲಿಯೂ ವಿಚಾರಿಸಬಹುದು. ಹತ್ತು ದಿನದ ಮಾತ್ರೆ ಉಳಿದಿರುವಾಗಲೇ ಅಂಗಡಿಯ ದಾರಿ ಹಿಡಿಯುವುದು ಲೇಸು.

ಕೊನೆಗೆ ಕಲಬುರಗಿಯಿಂದ ತರಕಾರಿಯ ಗಾಡಿಯೊಂದರಲ್ಲಿ ನಾಲ್ಕು ಪಟ್ಟಿ ಮಾತ್ರೆ ಬಂದವು. ಕಾರಹುಣ್ಣಿಮೆ ಕಳೆದ ಮೇಲೆ ವೈನಿಯವರು ಮತ್ತೆ ರೊಟ್ಟಿ ತಟ್ಟಿದರು.