ಲೆಕ್ಕ ಕೇಳುವವನ ಜುಟ್ಟು

ಕಳೆದ ವರ್ಷ ಆಷಾಢದ ಒಂದು ಬೆಳಿಗ್ಗೆ ಪದವಿ ತರಗತಿಯ ವಿದ್ಯಾರ್ಥಿಗಳನ್ನು ಕರೆದುಕೊಂಡು ಇಟಗಿಯ ಮಹಾದೇವ ದೇವಾಲಯವನ್ನು ತೋರಿಸಲು ಹೋಗಿದ್ದೆ. ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ೧೧೧೨ರಲ್ಲಿ ಕಟ್ಟಿಸಿದ ಗುಡಿ ಅದು. ನಮ್ಮ ಯಲಬುರ್ಗೆ ಎರಂಬರಗೆಯೆಂಬ ಹೆಸರಿನಿಂದ ಸಿಂದರ ರಾಜಧಾನಿಯಾಗಿ ಮೆರೆದದ್ದು ಅದೇ ಶತಮಾನದಲ್ಲಿ. ಹುಡುಗರು ಕಂಬಗಳ ನುಣುಪನ್ನು ಸವರಿ ನೋಡುತ್ತಿದ್ದಾಗ ನಾನು ಶಾಸನಗಳ ವಿಷಯ ಹೇಳತೊಡಗಿದೆ. ದಾನಶಾಸನವೆಂದರೆ ನಮ್ಮ ಹಿರಿಯರ ಬಹಿರಂಗ ಲೆಕ್ಕಪತ್ರ. ಯಾರು ಕೊಟ್ಟರು, ಎಷ್ಟು ಭೂಮಿ ಕೊಟ್ಟರು, ಯಾವ ಕಾರ್ಯಕ್ಕೆ ಕೊಟ್ಟರು ಎಂಬುದನ್ನು ಕಲ್ಲಿನ ಮೇಲೆ ಕೆತ್ತಿಸಿ ಹತ್ತು ಜನ ಓಡಾಡುವ ಕಡೆ ನಿಲ್ಲಿಸುತ್ತಿದ್ದರು. ಕೊನೆಗೆ, ಈ ದತ್ತಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟಲಿ ಎಂಬಂತಹ ಶಾಪವೂ ಇರುತ್ತಿತ್ತು.

ಹಿಂದೆ ನಿಂತಿದ್ದ ಒಬ್ಬ ಹುಡುಗ ಕೇಳಿದ: “ಸರ, ಈ ಶಾಪ ಯಾರಿಗರ ತಟ್ಟೇತೇನ್ರಿ?”

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಪ್ರಶ್ನೆ ನನ್ನೊಡನೆ ಬಸ್ಸು ಹತ್ತಿ ಮನೆಗೂ ಬಂದಿತು. ದತ್ತಿಯ ಹೊಲವನ್ನು ನುಂಗಿದವನನ್ನು ಹಿಡಿದು ತರಲು ಶಾಪಕ್ಕೆ ಕೈಯುಂಟೆ? ಕಾಲುಂಟೆ? ಶಾಪವನ್ನು ನಡೆಯಿಸಬೇಕಾದವನು ಆ ಊರಿನ ಅಧಿಕಾರಿಯೇ. ಹೊಲವನ್ನು ನುಂಗಲು ಎಲ್ಲರಿಗಿಂತ ಹೆಚ್ಚು ಅನುಕೂಲವಿದ್ದವನೂ ಅವನೇ.

ಎಂಟುನೂರಕ್ಕೂ ಹೆಚ್ಚು ವರ್ಷಗಳ ಮೇಲೆ ನಾವು ಇನ್ನೊಂದು ದೊಡ್ಡ ಕಟ್ಟಡದ ಹಣೆಯ ಮೇಲೆ ಇನ್ನೊಂದು ವಾಕ್ಯವನ್ನು ಕೆತ್ತಿಸಿದೆವು. ಬೆಂಗಳೂರಿನ ವಿಧಾನಸೌಧವನ್ನು ಕಂಡವರೆಲ್ಲ ಅದನ್ನು ಓದಿದ್ದಾರೆ: “ಸರ್ಕಾರದ ಕೆಲಸ ದೇವರ ಕೆಲಸ.” ಮಾತು ಚೆನ್ನಾಗಿದೆ. ಆದರೆ ದೇವರ ಕೆಲಸದಲ್ಲಿ ಲೋಪವಾದರೆ ಯಾರನ್ನು ಕೇಳಬೇಕು? ದೇವರನ್ನಂತೂ ಕೇಳುವಂತಿಲ್ಲ, ಪೂಜಾರಿಯನ್ನು ಕೇಳಬೇಕು. ಪೂಜಾರಿಯನ್ನು ಕೇಳಲು ನೇಮಿಸಿದವನ ಜುಟ್ಟು ಆ ಪೂಜಾರಿಯ ಕೈಯಲ್ಲೇ ಇದ್ದರೆ? ಈ ವಾರ ವಾಚಕರ ಮುಂದೆ ಇಡಬೇಕೆಂದಿರುವುದು ಈ ಒಂದು ಪ್ರಶ್ನೆಯನ್ನೇ.

ಪೂಜಾರಿಯನ್ನು ಕೇಳಲೆಂದೇ ನಮ್ಮ ನಾಡಿನಲ್ಲಿ ಒಂದು ಸಂಸ್ಥೆ ಹುಟ್ಟಿತು. ರಾಮಕೃಷ್ಣ ಹೆಗಡೆಯವರ ಸರಕಾರದ ಕಾಲದಲ್ಲಿ, ೧೯೮೪ರಲ್ಲಿ, ಕರ್ನಾಟಕ ಲೋಕಾಯುಕ್ತ ಕಾಯಿದೆ ರಚಿತವಾಯಿತು. ೧೯೮೬ರ ಜನವರಿಯಲ್ಲಿ ಜಾರಿಗೆ ಬಂದಿತು. ೨೦೦೧ರಿಂದ ಐದು ವರ್ಷ ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರು ಆ ಸ್ಥಾನದಲ್ಲಿದ್ದಾಗ ಸರಕಾರಿ ಕಚೇರಿಗಳಿಗೂ ಆಸ್ಪತ್ರೆಗಳಿಗೂ ಮುನ್ಸೂಚನೆಯಿಲ್ಲದೆ ನುಗ್ಗಿ, ಲೋಕಾಯುಕ್ತವೆಂಬ ಹೆಸರನ್ನು ಮನೆಮಾತಾಗಿಸಿದರು. ಆದರೆ ಆ ಸಂಸ್ಥೆಯ ಬುಡದಲ್ಲಿ ಒಂದು ಬಿರುಕು ಮೊದಲಿನಿಂದಲೂ ಉಂಟು. ಲೋಕಾಯುಕ್ತರು ವಿಚಾರಣೆ ನಡೆಸಬಹುದು, ವರದಿ ಬರೆಯಬಹುದು, ಶಿಫಾರಸು ಮಾಡಬಹುದು. ಶಿಫಾರಸಿನ ಮೇಲೆ ಕ್ರಮ ಕೈಗೊಳ್ಳಬೇಕಾದುದು ಸರಕಾರ. ಇಟಗಿಯ ಕಾಲದ ಶಾಪಕ್ಕೂ ಇದಕ್ಕೂ ಬಹಳ ದೂರವಿಲ್ಲ.

ಇದರ ಪರೀಕ್ಷೆ ನಡೆದದ್ದು ನಮ್ಮ ನೆರೆಯಲ್ಲಿಯೇ, ಬಳ್ಳಾರಿಯ ಗಣಿಗಳಲ್ಲಿ. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆಯ ತನಿಖೆಯಲ್ಲಿದ್ದಾಗ, ಬೇಲೆಕೇರಿ ಬಂದರಿನಲ್ಲಿ ಜಪ್ತಿಯಾಗಿದ್ದ ಅದಿರು ಲಕ್ಷಗಟ್ಟಲೆ ಟನ್ನು ಕಾಣೆಯಾಯಿತು. ಅದಿರು ಕಾಣೆಯಾದದ್ದಕ್ಕಿಂತ ವಿಚಿತ್ರವಾದುದೆಂದರೆ, ಜಪ್ತಿ ಮಾಡಿದ ಅರಣ್ಯಾಧಿಕಾರಿಯನ್ನೇ ಅಮಾನತು ಮಾಡಲು ಹೊರಟದ್ದು. ೨೦೧೦ರ ಜೂನಿನಲ್ಲಿ ಹೆಗ್ಡೆಯವರು ರಾಜೀನಾಮೆ ಕೊಟ್ಟರು. ಒತ್ತಾಯಕ್ಕೆ ಮಣಿದು ಹಿಂತೆಗೆದುಕೊಂಡರು. ೨೦೧೧ರ ಜುಲೈ ೨೭ರಂದು ಅವರು ಸಲ್ಲಿಸಿದ ವರದಿ ೨೫,೨೨೮ ಪುಟಗಳದು. ೨೦೦೬ರಿಂದ ೨೦೧೦ರವರೆಗೆ ಬೊಕ್ಕಸಕ್ಕಾದ ನಷ್ಟ ೧೬,೦೮೫ ಕೋಟಿ ರೂಪಾಯಿ ಎಂದು ಅದರ ಅಂದಾಜು.

ಇಷ್ಟು ದೊಡ್ಡ ಸಂಖ್ಯೆ ಕಿವಿಗೆ ಬೀಳುತ್ತದೆ, ಮನಸ್ಸಿಗೆ ಇಳಿಯುವುದಿಲ್ಲ. ಆದ್ದರಿಂದ ಇದರ ಪಕ್ಕದಲ್ಲಿ ಇನ್ನೊಂದು ಸಂಖ್ಯೆಯನ್ನಿಡುತ್ತೇನೆ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ೨೦೦೨ರಲ್ಲಿ ತನ್ನ ವರದಿ ಕೊಟ್ಟಿತು. ರಾಜ್ಯದ ೧೧೪ ತಾಲ್ಲೂಕುಗಳು ಹಿಂದುಳಿದಿವೆಯೆಂದೂ, ಅವುಗಳಲ್ಲಿ ೩೯ ಅತ್ಯಂತ ಹಿಂದುಳಿದವೆಂದೂ ಅದು ಎಣಿಸಿತು. ಆ ಮೂವತ್ತೊಂಬತ್ತರಲ್ಲಿ ನಮ್ಮ ಯಲಬುರ್ಗೆಯೂ ಒಂದು, ಕುಷ್ಟಗಿಯೂ ಒಂದು. ಈ ಅಸಮತೋಲವನ್ನು ಸರಿಪಡಿಸಲು ಎಂಟು ವರ್ಷಗಳಲ್ಲಿ ಮಾಮೂಲು ಖರ್ಚಿನ ಮೇಲೆ ಹೆಚ್ಚುವರಿಯಾಗಿ ಬೇಕೆಂದು ಸಮಿತಿ ಹೇಳಿದ ಮೊತ್ತ ೧೬,೦೦೦ ಕೋಟಿ ರೂಪಾಯಿ. ಬೆಲೆಗಳು ವರ್ಷದಿಂದ ವರ್ಷಕ್ಕೆ ಬೇರೆಯಾಗುವುವೆಂಬುದನ್ನು ಒಪ್ಪೋಣ. ಒಪ್ಪಿದ ಮೇಲೂ ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದವನ ಎದೆ ಝಲ್ಲೆನ್ನದೆ ಇರದು. ಶಾಲೆಗೆ, ಆಸ್ಪತ್ರೆಗೆ, ಕೆರೆಗೆ, ರಸ್ತೆಗೆ ಹಣವಿಲ್ಲವೆಂದು ನಮಗೆ ಹೇಳುತ್ತಿದ್ದ ಆ ವರ್ಷಗಳಲ್ಲಿಯೇ ಅಷ್ಟು ಮೌಲ್ಯದ ಮಣ್ಣು ಲಾರಿ ಹತ್ತಿ ಹೋಗುತ್ತಿತ್ತು. ಲೆಕ್ಕ ಕೇಳುವುದು ದೊಡ್ಡವರ ರಾಜಕೀಯ, ನಮಗೇಕೆ ಎನ್ನುವ ಗೃಹಸ್ಥರು ಈ ಎರಡು ಸಂಖ್ಯೆಗಳನ್ನು ಮನೆಯ ಪಂಚಾಂಗದ ಮೇಲೆ ಬರೆದಿಟ್ಟುಕೊಳ್ಳಬೇಕು.

ವರದಿಯ ಫಲವೇನಾಯಿತು? ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು ಅದೇ ಜುಲೈ ೩೧ರಂದು ರಾಜೀನಾಮೆ ಕೊಟ್ಟರು. ಮುಂದೆ ಸಿಬಿಐ ನಡೆಸಿದ ಮೊಕದ್ದಮೆಯಲ್ಲಿ ವಿಶೇಷ ನ್ಯಾಯಾಲಯ ೨೦೧೬ರ ಅಕ್ಟೋಬರಿನಲ್ಲಿ ಅವರನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಬೇಲೆಕೇರಿಯ ಅದಿರಿನ ಮೊಕದ್ದಮೆಯಲ್ಲಿ ಕಾರವಾರದ ಕಾಂಗ್ರೆಸ್ ಶಾಸಕರಿಗೆ ಶಿಕ್ಷೆಯಾದದ್ದು ೨೦೨೪ರ ಅಕ್ಟೋಬರಿನಲ್ಲಿ. ಆಂಧ್ರದ ಗಡಿಯ ಓಬಳಾಪುರಂ ಗಣಿ ಮೊಕದ್ದಮೆ ದಾಖಲಾದದ್ದು ೨೦೦೯ರಲ್ಲಿ; ನಮ್ಮ ಗಂಗಾವತಿಯ ಶಾಸಕ ಗಾಲಿ ಜನಾರ್ದನ ರೆಡ್ಡಿಯವರಿಗೆ ಹೈದರಾಬಾದಿನ ಸಿಬಿಐ ನ್ಯಾಯಾಲಯ ಏಳು ವರ್ಷದ ಶಿಕ್ಷೆ ವಿಧಿಸಿದ್ದು ೨೦೨೫ರ ಮೇ ೬ರಂದು. ಎರಡು ಶಿಕ್ಷೆಗಳನ್ನೂ ಆಯಾ ಉಚ್ಚ ನ್ಯಾಯಾಲಯಗಳು ಸ್ವಲ್ಪ ದಿನಗಳಲ್ಲಿಯೇ ಅಮಾನತಿನಲ್ಲಿರಿಸಿದವು. ಯಾರು ದೋಷಿ, ಯಾರು ನಿರ್ದೋಷಿ ಎಂಬುದನ್ನು ನ್ಯಾಯಾಲಯಗಳು ಹೇಳಲಿ. ಅಂಕಣಕಾರನ ಕೆಲಸ ಅದಲ್ಲ. ಆದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಬಾಗಿಲಿನ ಕೀಲಿಕೈ ಹುಡುಕುವುದಕ್ಕೇ ಹದಿನೈದು ವರ್ಷ ಹಿಡಿಯಿತು.

ಅಷ್ಟರಲ್ಲಿ ಕೇಳುವವನ ಗತಿಯೇನಾಯಿತೆಂಬುದನ್ನು ನೋಡಿ. ೨೦೧೫ರಲ್ಲಿ ಲೋಕಾಯುಕ್ತ ಕಚೇರಿಯ ಹೆಸರಿನಲ್ಲಿಯೇ ಅಧಿಕಾರಿಗಳಿಂದ ಹಣ ಸುಲಿಯುತ್ತಿದ್ದರೆಂಬ ಆರೋಪ ಹೊರಬಿದ್ದಿತು. ಅಂದಿನ ಲೋಕಾಯುಕ್ತರ ಪುತ್ರರೇ ಬಂಧಿತರಾದರು. ಡಿಸೆಂಬರಿನಲ್ಲಿ ಲೋಕಾಯುಕ್ತರು ರಾಜೀನಾಮೆಯಿತ್ತರು. ಬೇಲಿಯೇ ಎದ್ದು ಹೊಲ ಮೇಯ್ದಿದೆಯೆಂದು ಜನ ನೊಂದುಕೊಂಡರು. ಬೇಲಿ ಕೆಟ್ಟರೆ ಒಳ್ಳೆಯ ಒಕ್ಕಲಿಗ ಏನು ಮಾಡುತ್ತಾನೆ? ಮುಳ್ಳು ತಂದು ಬಿಗಿಮಾಡುತ್ತಾನೆ. ಅಂದಿನ ಕಾಂಗ್ರೆಸ್ ಸರಕಾರ ೨೦೧೬ರ ಮಾರ್ಚಿನಲ್ಲಿ ಬೇಲಿಯನ್ನೇ ಕಿತ್ತಿತು. ಭ್ರಷ್ಟಾಚಾರ ನಿಗ್ರಹ ದಳವೆಂಬ ಹೊಸ ಪಡೆಯನ್ನು ಮುಖ್ಯಮಂತ್ರಿಗಳ ಅಧೀನದ ಇಲಾಖೆಯ ಕೆಳಗೆ ಸ್ಥಾಪಿಸಿ, ಲೋಕಾಯುಕ್ತ ಪೊಲೀಸರ ಮುಖ್ಯ ಅಧಿಕಾರವನ್ನು ಅದಕ್ಕೆ ವಹಿಸಿತು. ಅಂದರೆ, ಯಾರನ್ನು ಲೆಕ್ಕ ಕೇಳಬೇಕೋ ಅವರ ಕೈಗೇ ಕೇಳುವವನ ಜುಟ್ಟು! ವಿರೋಧಪಕ್ಷದಲ್ಲಿದ್ದ ಭಾರತೀಯ ಜನತಾ ಪಕ್ಷ ಇದನ್ನು ಖಂಡಿಸಿತು. ೨೦೧೯ರಲ್ಲಿ ಅದೇ ಪಕ್ಷ ಅಧಿಕಾರಕ್ಕೆ ಬಂದಿತು. ದಳ ಮಾತ್ರ ಹಾಗೆಯೇ ಉಳಿಯಿತು. ಕೊನೆಗೆ ೨೦೨೨ರ ಆಗಸ್ಟ್ ೧೧ರಂದು ಅದನ್ನು ರದ್ದುಗೊಳಿಸಿದ್ದು ಕರ್ನಾಟಕ ಉಚ್ಚ ನ್ಯಾಯಾಲಯ. ಜುಟ್ಟು ಒಮ್ಮೆ ಕೈಗೆ ಬಂದ ಮೇಲೆ ಬಿಟ್ಟುಕೊಡುವ ಔದಾರ್ಯ ಯಾವ ಪಕ್ಷಕ್ಕೂ ಇರಲಿಲ್ಲ.

ಇದಕ್ಕೆ ಸಮಾನವಾದ ಇನ್ನೊಂದು ನಾಟಕವನ್ನೂ ಕಂಡೆವು. ೨೦೧೧ರ ಜನವರಿಯಲ್ಲಿ ರಾಜ್ಯಪಾಲ ಹಂಸರಾಜ ಭಾರದ್ವಾಜರು ಮುಖ್ಯಮಂತ್ರಿ ಯಡಿಯೂರಪ್ಪನವರ ಮೇಲೆ ಮೊಕದ್ದಮೆಗೆ ಅನುಮತಿ ಕೊಟ್ಟರು. ರಾಜ್ಯಪಾಲರು ಕೇಂದ್ರದ ಕೈಗೊಂಬೆಯೆಂದು ಆಳುವ ಪಕ್ಷ ಬೀದಿಗಿಳಿಯಿತು; ಕಾನೂನು ತನ್ನ ಹಾದಿ ಹಿಡಿಯಲಿ ಎಂದು ಕಾಂಗ್ರೆಸ್ ಉಪದೇಶಿಸಿತು. ೨೦೨೪ರ ಆಗಸ್ಟಿನಲ್ಲಿ ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟರು ಮೈಸೂರಿನ ನಿವೇಶನಗಳ ವಿಷಯದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮೇಲೆ ತನಿಖೆಗೆ ಅನುಮತಿ ಕೊಟ್ಟರು. ಈ ಸಲ ಬೀದಿಗಿಳಿದದ್ದು ಕಾಂಗ್ರೆಸ್. ಉಪದೇಶಿಸಿದ್ದು ಭಾರತೀಯ ಜನತಾ ಪಕ್ಷ. ಪಾತ್ರಧಾರಿಗಳು ಬದಲಾಗಿದ್ದರು, ಸಂಭಾಷಣೆ ಅದೇ ಇತ್ತು. ೨೦೨೫ರ ಫೆಬ್ರವರಿಯಲ್ಲಿ ಲೋಕಾಯುಕ್ತ ಪೊಲೀಸರು ಸಾಕ್ಷ್ಯವಿಲ್ಲವೆಂದು ವರದಿಯಿತ್ತರು. ಅದೇ ಜುಲೈನಲ್ಲಿ, ಈ ವಿಷಯದಲ್ಲಿ ಜಾರಿ ನಿರ್ದೇಶನಾಲಯದ ಮೇಲ್ಮನವಿಯನ್ನು ತಳ್ಳಿಹಾಕಿದ ಸರ್ವೋಚ್ಚ ನ್ಯಾಯಾಲಯ, ರಾಜಕೀಯದ ಹೋರಾಟ ಮತದಾರರ ಮುಂದೆ ನಡೆಯಲಿ, ತನಿಖಾ ಸಂಸ್ಥೆ ಅದಕ್ಕೇಕೆ ಬಳಕೆಯಾಗಬೇಕು ಎಂಬರ್ಥದ ಮಾತನ್ನಾಡಿತು. ನಿಜವಾದ ಅಪರಾಧಿಯೂ ‘ಇದು ರಾಜಕೀಯ’ ಎಂದು ನುಣುಚಿಕೊಳ್ಳಬಹುದು. ನಿರಪರಾಧಿಗೂ ಕಳಂಕ ಅಂಟಬಹುದು. ನ್ಯಾಯದ ತಕ್ಕಡಿಗೆ ಪಕ್ಷದ ಬಣ್ಣ ಬಳಿದರೆ ಇಬ್ಬರಿಗೂ ಅದೇ ಗತಿ.

ಇದು ಬಡದೇಶದ, ಎಳೆಯ ಪ್ರಜಾಪ್ರಭುತ್ವದ ಕಾಯಿಲೆ ಎಂದು ತಿಳಿಯಬೇಡಿ. ಅಮೆರಿಕದಲ್ಲಿ ವಾಟರ್‌ಗೇಟ್ ಹಗರಣದ ತನಿಖೆ ತನ್ನ ಬಾಗಿಲಿಗೆ ಬಂದಾಗ ಅಧ್ಯಕ್ಷ ನಿಕ್ಸನ್ ೧೯೭೩ರ ಅಕ್ಟೋಬರ್ ೨೦ರಂದು ತನಿಖಾಧಿಕಾರಿ ಆರ್ಚಿಬಾಲ್ಡ್ ಕಾಕ್ಸರನ್ನು ಕಿತ್ತುಹಾಕಲು ಆಜ್ಞಾಪಿಸಿದ. ಅಟಾರ್ನಿ ಜನರಲ್ ರಿಚರ್ಡ್‌ಸನ್ನರು ಆಜ್ಞೆಯನ್ನು ಪಾಲಿಸದೆ ರಾಜೀನಾಮೆಯಿತ್ತರು, ಅವರ ಸಹಾಯಕರೂ ಅದನ್ನು ಪಾಲಿಸದೆ ಸ್ಥಾನ ತೊರೆದರು, ಮೂರನೆಯವರು ಪಾಲಿಸಿದರು. ಆ ಅನುಭವದ ನೆರಳಿನಲ್ಲಿ ೧೯೭೮ರಲ್ಲಿ ಇಲಾಖೆಗೊಬ್ಬ ಸ್ವತಂತ್ರ ಮಹಾತಪಾಸಕನನ್ನು ನೇಮಿಸುವ ಕಾಯಿದೆ ಬಂದಿತು. ದುಂದುವೆಚ್ಚವನ್ನೂ ಮೋಸವನ್ನೂ ಹುಡುಕುವುದೇ ಅವರ ಉದ್ಯೋಗ. ೨೦೨೫ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪರು ದುಂದುವೆಚ್ಚವನ್ನು ಕತ್ತರಿಸುತ್ತೇನೆಂದು ಘೋಷಿಸಿ ಅದಕ್ಕೆಂದೇ ಹೊಸ ವಿಭಾಗವನ್ನು ತೆರೆದರು. ಅದೇ ವಾರದಲ್ಲಿ ಸುಮಾರು ಹದಿನೇಳು ಮಹಾತಪಾಸಕರನ್ನು ಒಂದೇ ರಾತ್ರಿಯಲ್ಲಿ ವಜಾ ಮಾಡಿದರು. ಮೂವತ್ತು ದಿನ ಮೊದಲು ಶಾಸನಸಭೆಗೆ ಕಾರಣ ತಿಳಿಸಬೇಕೆಂಬ ನಿಯಮವನ್ನು ಪಾಲಿಸಲಿಲ್ಲ. ಇದು ಕಾನೂನಿಗೆ ವಿರುದ್ಧವೆಂದು ನ್ಯಾಯಾಧೀಶರೊಬ್ಬರು ಸೆಪ್ಟೆಂಬರಿನಲ್ಲಿ ತೀರ್ಪಿತ್ತರು. ಆದರೆ ಅವರನ್ನು ಮರಳಿ ಕೂರಿಸಲಿಲ್ಲ. ಇಲಿ ಹೆಚ್ಚಾಗಿವೆಯೆಂದು ಗೊಣಗುತ್ತ ಬೆಕ್ಕನ್ನು ಹೊರಗಟ್ಟುವ ಯಜಮಾನರು ಎಲ್ಲ ದೇಶಗಳಲ್ಲಿಯೂ ಉಂಟು.

ಹಾಗಾದರೆ ಉಪಾಯವೇನು? ನಮ್ಮ ಸಂವಿಧಾನಕಾರರಿಗೆ ಈ ರೋಗದ ಅರಿವು ಚೆನ್ನಾಗಿತ್ತು. ಮಹಾಲೇಖಪಾಲರನ್ನು ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರನ್ನು ತೆಗೆಯುವ ಕಠಿಣ ವಿಧಾನದಿಂದಲ್ಲದೆ ತೆಗೆಯಲಾಗದಂತೆ ಮಾಡಿ, ಅವರ ಜುಟ್ಟನ್ನು ಯಾರ ಕೈಗೂ ಸಿಗದಷ್ಟು ಎತ್ತರದಲ್ಲಿಟ್ಟರು. ಆದರೆ ಅವರ ವರದಿಯನ್ನು ಓದುವವರಾರು? ವಿಧಾನಮಂಡಲದಲ್ಲಿ ಮಂಡಿಸಿದ ಮಾರನೆಯ ದಿನ ಪತ್ರಿಕೆಯಲ್ಲಿ ನಾಲ್ಕು ಸಾಲು ಬರುತ್ತದೆ. ಆ ನಾಲ್ಕು ಸಾಲನ್ನು ನಾವು ದಾಟಿ ಕ್ರಿಕೆಟ್ಟಿನ ಪುಟಕ್ಕೆ ಹೋಗುತ್ತೇವೆ. ಹಗರಣದ ಸುದ್ದಿ ಬಂದರೆ ನಮ್ಮ ಬಾಯಿಂದ ಬರುವ ಮೊದಲನೆಯ ಪ್ರಶ್ನೆ, “ಎಷ್ಟು ಹೋಯಿತು?” ಎಂಬುದಲ್ಲ, “ಯಾವ ಪಕ್ಷದವರು? ಯಾವ ಜನ?” ಎಂಬುದು. ಉತ್ತರ ಸಿಕ್ಕೊಡನೆ ನಮ್ಮ ತೀರ್ಪು ಸಿದ್ಧ. ಜುಟ್ಟು ಹಿಡಿದವರಿಗೆ ಧೈರ್ಯ ಬಂದದ್ದು ನಮ್ಮ ಈ ಅಭ್ಯಾಸದಿಂದ.

ಇಟಗಿಯಿಂದ ಮರಳುವಾಗ ಆ ಹುಡುಗನಿಗೆ ಹೇಳಿದ್ದೆ: “ಶಾಪ ತಟ್ಟೀತೋ ಇಲ್ಲವೋ ಅರಿಯೆ. ಆದರೆ ಶಾಸನವನ್ನು ಎಲ್ಲರೂ ಕಾಣುವಲ್ಲಿ ನಿಲ್ಲಿಸಿದ್ದು ಓದಲಿ ಎಂದು. ನಿಮ್ಮ ಊರಿನ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತದಲ್ಲ, ಅದೂ ಶಾಸನವೇ. ಹೋಗಿ ಓದು.” ಹೇಳಿ ಮರೆತಿದ್ದೆ.

ದಸರೆಯ ಹೊತ್ತಿಗೆ ಆತ ಬಂದು ನಿಂತ. ಜಮಾಬಂದಿಗೆ ಹೋಗಿದ್ದನಂತೆ. ಚರಂಡಿಯೊಂದರ ಲೆಕ್ಕ ಪುಸ್ತಕದಲ್ಲಿತ್ತು. ಓಣಿಯಲ್ಲಿ ಚರಂಡಿ ಅರ್ಧಕ್ಕೇ ನಿಂತಿತ್ತು. ಎದ್ದು ಕೇಳಿದನಂತೆ. ಹಿರಿಯರೊಬ್ಬರು ಅವನನ್ನು ಮೇಲಿಂದ ಕೆಳಗೆ ನೋಡಿ, “ನೀ ಯಾರ ಕಡೆಯಾಂವೋ ತಮ್ಮಾ?” ಎಂದರಂತೆ.

“ಏನಂದಿ?” ಎಂದು ಕೇಳಿದೆ.

“ನಾ ಈ ಓಣ್ಯಾಂವ್ರಿ ಯಜ್ಜಾ, ಅಂದೆ ಸರ.”

ಚರಂಡಿಯ ಉಳಿದರ್ಧ ಇನ್ನೂ ಆಗಿಲ್ಲ. ಆದರೆ ಈ ವರ್ಷ ಓಣಿಯ ಇನ್ನೂ ನಾಲ್ವರು ತನ್ನೊಡನೆ ಜಮಾಬಂದಿಗೆ ಬರುತ್ತಾರೆಂದು ಹೇಳಿ ಹೋದ. ಆ ಐವರ ಜುಟ್ಟು ಯಾರ ಕೈಯಲ್ಲಿಯೂ ಇಲ್ಲ.