ಡೇಟಾನ ಗಡಿಯಾರಕ್ಕೆ ಮುದ್ರೆ ಹಾಕೋರು ಯಾರು?

ಪ್ರಾಜೆಕ್ಟ್ ಸಾಮಾನಿಗೆ ಎಸ್.ಪಿ. ರಸ್ತೆಗೆ ಹೋದಾಗ ಸ್ವಲ್ಪ ಮುಂದೆ ನಡೆದು ತರಗುಪೇಟೆ ಕಡೆಗೂ ಒಮ್ಮೆ ಹೋಗಿ ಬನ್ನಿ. ಅಲ್ಲಿನ ಸಗಟು ಅಂಗಡಿಗಳಲ್ಲಿ ಅಕ್ಕಿ, ಬೇಳೆ ಮೂಟೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳಲೇಬೇಕು. ಸಾವ್ಕಾರರು ಎಷ್ಟೇ ಸತ್ಯವಂತರಾಗಿರಲಿ, ತಕ್ಕಡಿ ಎಷ್ಟೇ ದುಬಾರಿಯದಾಗಿರಲಿ, ವಿನಾಯಿತಿ ಇಲ್ಲ. ಹೊರಗಿನವರು ಬಂದು, ತಮ್ಮ ತೂಕದ ಕಲ್ಲು ಇಟ್ಟು ನೋಡಿ, ಸರಿ ಅನ್ನಬೇಕು.

ಸೈನ್ಸ್ ಫಿಕ್ಷನ್ ಬರೆಯೋರಿಗೆ ಈ ತಕ್ಕಡಿ ಬುದ್ಧಿ ಕಮ್ಮಿ ಅನ್ನೋದು ನಮ್ಮ ದೂರು. ಯಂತ್ರಮಾನವ ಟೈಮ್ ಹೇಳಿದ ಅಂದ್ರೆ ಮುಗೀತು, ಎಲ್ಲರೂ ತಲೆ ಆಡಿಸ್ತಾರೆ. ‘ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಷನ್’ (1987–94) ನೋಡಿದವರಿಗೆ ಡೇಟಾ ಗೊತ್ತಿರ್ತಾನೆ. ಎಂಟರ್‌ಪ್ರೈಸ್ ನೌಕೆಯ ಆಂಡ್ರಾಯ್ಡ್ ಅಧಿಕಾರಿ (ಫೋನಿನ ಆಂಡ್ರಾಯ್ಡ್ ಅಲ್ಲ, ಮನುಷ್ಯನ ಆಕಾರದ ಯಂತ್ರ). ಅವನ ಮೈಯೊಳಗೇ ಗಡಿಯಾರ ಇದೆ.

ಆದರೆ ಅದೇ ಸರಣಿಯಲ್ಲಿ 1991ರ ‘ಕ್ಲೂಸ್’ ಅನ್ನೋ ಕಂತು ಈ ನಂಬಿಕೆಗೇ ಕೈ ಹಾಕಿದೆ. ನೌಕೆಯಲ್ಲಿದ್ದವರೆಲ್ಲ ಪ್ರಜ್ಞೆ ತಪ್ಪಿ ಎದ್ದಿದ್ದಾರೆ. ಡೇಟಾ ಒಬ್ಬನೇ ಎಚ್ಚರವಾಗಿದ್ದವನು. ಎಷ್ಟು ಹೊತ್ತಾಯ್ತು ಅಂತ ಕೇಳಿದ್ರೆ 30 ಸೆಕೆಂಡು ಅಂತಾನೆ. ಡಾಕ್ಟರ್ ಕ್ರಷರ್ ಬೆಳೆಸುತ್ತಿದ್ದ ಪಾಚಿ ಮಾತ್ರ ಇಡೀ ಒಂದು ದಿನದಷ್ಟು ಬೆಳೆದುಬಿಟ್ಟಿದೆ! ನೌಕೆಯ ಗಡಿಯಾರದಲ್ಲೂ ಯಾರೋ ಕೈಯಾಡಿಸಿದ್ದಾರೆ. ಕೊನೆಗೆ ಗೊತ್ತಾಗೋದು ಏನಂದ್ರೆ, ಡೇಟಾಗೆ ಸುಳ್ಳು ಹೇಳು ಅಂತ ಆಜ್ಞೆ ಕೊಟ್ಟವರು ಸ್ವತಃ ಕ್ಯಾಪ್ಟನ್ ಪಿಕಾರ್ಡ್. ಆ ಆಜ್ಞೆ ಅವರ ನೆನಪಿನಿಂದಲೂ ಅಳಿಸಿಹೋಗಿದೆ. ಡೇಟಾನ ಗಡಿಯಾರ ಕೆಟ್ಟಿರಲಿಲ್ಲ, ಅದು ಏನು ತೋರಿಸಬೇಕು ಅನ್ನೋದನ್ನ ಬೇರೆಯವರು ತೀರ್ಮಾನ ಮಾಡಿದ್ದರು. ನಿಜ ಹೇಳಿದ್ದು ಯಾರ ಮಾತೂ ಕೇಳದ ಪಾಚಿ.

ಇನ್ನು ನಮ್ಮ ಲ್ಯಾಬಿನ ಕಥೆ. ಆರ್‌ಟಿಸಿ ಚಿಪ್‌ನ ಒಳಗಡಿಯಾರ ಅಂದ್ರೆ ಸೆಕೆಂಡಿಗೆ 32,768 ಸಲ ಅದುರುವ ಕ್ವಾರ್ಟ್ಜ್ ಚೂರು. 2ರ 15ನೇ ಘಾತ, 15 ಸಲ ಅರ್ಧ ಮಾಡಿದ್ರೆ ಸರಿಯಾಗಿ ಒಂದು ಸೆಕೆಂಡು. ಕೇಳೋಕೆ ಚೆನ್ನಾಗಿದೆ. ಆದ್ರೆ ಹತ್ತು ಲಕ್ಷಕ್ಕೆ 20 ಪಾಲು ತಪ್ಪಿದರೂ ದಿನಕ್ಕೆ 1.7 ಸೆಕೆಂಡು, ವರ್ಷಕ್ಕೆ ಹತ್ತು ನಿಮಿಷ ವ್ಯತ್ಯಾಸ. ತಾಪಮಾನ 25 ಡಿಗ್ರಿಯಿಂದ ಆಚೆ ಈಚೆ ಸರಿದರೆ ಇನ್ನೂ ನಿಧಾನ. ತಾಪಮಾನಕ್ಕೆ ತಕ್ಕಂತೆ ತನ್ನನ್ನು ತಾನೇ ತಿದ್ದಿಕೊಳ್ಳೋ ಡಿಎಸ್3231 ಕೂಡ ವರ್ಷಕ್ಕೆ ಒಂದು ನಿಮಿಷ ತಪ್ಪಬಹುದು. ಗೋಡೆ ಮೇಲಿನ ಹಾಜರಿ ಯಂತ್ರದೊಳಗೆ ಇರೋದೂ ಇಂಥದ್ದೇ ಒಂದು ಚೂರು. ನೆಟ್‌ವರ್ಕ್ ಸಿಕ್ಕಾಗ ಸರಿಯಾದ ಟೈಮ್ ತಗೊಳುತ್ತೆ, ಸಿಗದಿದ್ರೆ ತನಗೆ ತೋಚಿದ್ದೇ ಟೈಮ್. ಅದು ಐದು ನಿಮಿಷ ಮುಂದೆ ಓಡ್ತಿದ್ದರೆ ತಡವಾದವರು ನೀವೇ, ಯಂತ್ರ ಅಲ್ಲ. ವಿಟಿಯುಗೆ 85% ಹಾಜರಿ ಬೇಕು, ಅಂಚಿನಲ್ಲಿರೋರಿಗೆ ಈ ಐದು ನಿಮಿಷದ ಬೆಲೆ ಎಷ್ಟು ಅಂತ ಹೇಳಬೇಕಿಲ್ಲ. ಡೆಲಿವರಿ ಹುಡುಗನ ಆ್ಯಪ್‌ನಲ್ಲಿ ಓಡೋ ಗಡಿಯಾರ ಅವನ ಸಂಪಾದನೆಯನ್ನೇ ಅಳೆಯುತ್ತೆ, ಅದಕ್ಕೆ ಯಾವ ಮುದ್ರೆ ಇದೆ?

ಅಷ್ಟೊಂದು ಅನುಮಾನ ಯಾಕೆ ಅನ್ನೋರು ಇದ್ದಾರೆ. ಅವರು ಬ್ಯಾಲಾಳು ಕಡೆ ನೋಡಲಿ. ನಾವಿಕ್ ಉಪಗ್ರಹಗಳಲ್ಲಿ ಇರೋದು ಪರಮಾಣು ಗಡಿಯಾರ. ಅಷ್ಟು ನಿಖರವಾದ ಗಡಿಯಾರವನ್ನೂ ಇಸ್ರೋ ಅದರ ಪಾಡಿಗೆ ಬಿಡೋದಿಲ್ಲ. ನೆಲದ ಕೇಂದ್ರಗಳು ಲೆಕ್ಕ ಹಾಕಿ, ನೀನು ಇಷ್ಟು ತಪ್ಪಿದ್ದೀಯ ಅಂತ ಉಪಗ್ರಹಕ್ಕೆ ತಿದ್ದುಪಡಿ ಕಳಿಸ್ತಲೇ ಇರ್ತವೆ. ಒಂದು ನ್ಯಾನೊಸೆಕೆಂಡು ತಪ್ಪಿದ್ರೆ ದೂರದ ಲೆಕ್ಕದಲ್ಲಿ 30 ಸೆಂಟಿಮೀಟರ್ ತಪ್ಪು, ಒಂದು ಮೈಕ್ರೊಸೆಕೆಂಡಿಗೆ 300 ಮೀಟರ್. 2013ರಲ್ಲಿ ಹಾರಿಸಿದ ಐಆರ್‌ಎನ್‌ಎಸ್‌ಎಸ್-1ಎಯಲ್ಲಿದ್ದ ಮೂರೂ ರುಬಿಡಿಯಂ ಗಡಿಯಾರ ಕೈಕೊಟ್ಟಾಗ ಗೊತ್ತಾಗಿದ್ದೂ ಹೊರಗಿನಿಂದ ಗಮನಿಸ್ತಾ ಇದ್ದದ್ದಕ್ಕೆ. ಸ್ಥಾನ ಹೇಳುವ ಕೆಲಸಕ್ಕೆ ಆ ಉಪಗ್ರಹ ಬರದೇ ಹೋಯ್ತು. ನಮ್ಮಲ್ಲೇ ತಯಾರಾದ ರುಬಿಡಿಯಂ ಗಡಿಯಾರ 2023ರ ಮೇನಲ್ಲಿ ಎನ್‌ವಿಎಸ್-01 ಜೊತೆ ಮೇಲೆ ಹೋಯ್ತು. ಸ್ವದೇಶಿ ಅಂತ ಅದಕ್ಕೂ ರಿಯಾಯಿತಿ ಇಲ್ಲ, ತಿದ್ದುಪಡಿ ಹೋಗ್ತಾನೇ ಇರಬೇಕು.

ಹಾಗಾಗಿ ಈ ಸಲದ ಪ್ರಾಜೆಕ್ಟ್‌ಗಳ ಬಗ್ಗೆ ನಮ್ಮದೊಂದು ಒತ್ತಾಯ. ಟೈಮ್ ತೋರಿಸೋ ಯಾವ ಸರ್ಕೀಟ್ ಮಾಡಿದ್ರೂ, ಕೊನೇ ಸಲ ಯಾವಾಗ, ಯಾವುದರ ಜೊತೆ ಸರಿಹೊಂದಿಸಿದ್ದು ಅನ್ನೋದೂ ಅದೇ ಪರದೆ ಮೇಲೆ ಕಾಣಲಿ. ಗಡಿಯಾರವನ್ನ ಯಾರಾದರೂ ಕೈಯಿಂದ ತಿದ್ದಿದ್ದರೆ ಅದೂ ದಾಖಲಾಗಲಿ. ಕೋಡ್‌ನಲ್ಲಿ ಹತ್ತು ಸಾಲು ಹೆಚ್ಚಾಗಬಹುದು ಅಷ್ಟೇ. ಹಾಜರಿ ಯಂತ್ರಗಳಿಗೂ ಇದನ್ನೇ ಕೇಳೋಣ. ಪಕ್ಕದಲ್ಲೊಂದು ಚೀಟಿ: ಪರೀಕ್ಷಿಸಿದ ದಿನಾಂಕ, ಎಷ್ಟು ಸೆಕೆಂಡು ವ್ಯತ್ಯಾಸ ಇತ್ತು, ಯಾರ ಸಹಿ. ತರಗುಪೇಟೆ ತಕ್ಕಡಿಗೆ ಹಾಕೋ ಹಾಗೆ.